ಸಾಧು ಮೀನುಗಳು

ನಿಪ್ಪಾಣಿಯ ಪಾತ್ರೆ ಅಂಗಡಿಯ ಉತ್ತಮ ಒಮ್ಮೆ ಸ್ಟೀಲು ಖರೀದಿಗೆಂದು ಮುಂಬಯಿಗೆ ಹೋದವನು, ಒಬ್ಬ ಸೇಠನ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂಡಿಹಾಕಿದ ಸಮುದ್ರವನ್ನು ನೋಡಿ ಬಂದ. ಹವಳದ ಕಲ್ಲುಗಳು, ಅವುಗಳ ನಡುವೆ ಪತಂಗದ ಹಾಗೆ ಸುಳಿಯುವ ಬಣ್ಣದ ಮೀನುಗಳು. ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ.

ಅವನ ತಾಯಿ ಜಿನಮತಿಬಾಯಿ ಇರುವೆ ಇದ್ದೀತೆಂದು ನೆಲ ನೋಡಿಕೊಂಡೇ ಹೆಜ್ಜೆ ಇಡುವ ಜೈನ ಹೆಂಗಸು. ಮಗನ ಹಟಕ್ಕೆ ಕೊನೆಗೆ ಒಪ್ಪಿದಳು, ಆದರೆ ಷರತ್ತು ಹಾಕಿದಳು.

“ತರೋದಿದ್ರ ತಾ. ಆದ್ರ ಈ ಮನ್ಯಾಗ ಒಂದ ಜೀವ ಇನ್ನೊಂದ ಜೀವಾನ ತಿಂತಂದ್ರ ಅವತ್ತಿನಿಂದ ನಾ ಅನ್ನಾ ನೀರಾ ಬಿಟ್ಟೆ ಅಂತ ತಿಳಿ.”

ಅದು ಬರೀ ಮಾತಲ್ಲ ಎಂದು ಉತ್ತಮನಿಗೆ ಗೊತ್ತಿತ್ತು. ಹಿಂದೆ ಬಾಗಿಲಸಂದಿಗೆ ಸಿಕ್ಕು ಒಂದು ಹಲ್ಲಿ ಸತ್ತಾಗ ಆಕೆ ಉಪವಾಸ ಕೂತು, ಡಾಕ್ಟರು ಮನೆಗೇ ಬಂದು ಸಲಾಯಿನ್ ಹಚ್ಚಬೇಕಾಗಿತ್ತು.

ಹೀಗಾಗಿ ಮುಂಬಯಿಯ ಮೀನಿನ ಅಂಗಡಿಯಲ್ಲಿ ಅವನು ಮಾಡಿದಷ್ಟು ವಿಚಾರಣೆಯನ್ನು ತಂಗಿಗೆ ವರ ನೋಡುವಾಗಲೂ ಮಾಡಿರಲಿಲ್ಲ. ಇದು ತಿನ್ನುವುದೇನು? ಇದಕ್ಕೆ ಸಿಟ್ಟು ಎಷ್ಟು? ನೆರೆಹೊರೆಯವರ ಜೊತೆ ಹೇಗೆ? ಮೈತುಂಬ ಮುಳ್ಳಿದ್ದದ್ದನ್ನು ಬೇಡವೆಂದ. ದೊಡ್ಡ ಬಾಯಿಯದಕ್ಕೆ ದೂರದಿಂದಲೇ ಕೈ ಮುಗಿದ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಒಂದು ಜೋಡಿ, ಪಾಚಿ ಮೇಯುವ ಹಳದಿ ಮೀನು, ಮರಳಿನಲ್ಲಿ ಮುಖ ಹುಗಿದುಕೊಂಡಿರುವ ಕಡ್ಡಿಯಂಥದ್ದೊಂದು, ಹೆಬ್ಬೆರಳಿನಷ್ಟು ನೀಲಿ ಮೀನು ಒಂದು, ಅವಕ್ಕೆ ಅಡಗಲು ತೂತುತೂತಿನ ಒಂದು ಹವಳದ ಕಲ್ಲು. “ಎಲ್ಲಾ ಸಾಧು,” ಎಂದು ಅಂಗಡಿಯವನು ಆಣೆ ಮಾಡಿದ. ನೀರು ವೆಂಗುರ್ಲೆಯ ಸಮುದ್ರದಿಂದ ಕ್ಯಾನುಗಳಲ್ಲಿ ಟೆಂಪೋ ಏರಿ ಬಂತು.

ಎಡವಟ್ಟಾದದ್ದು ಮಳೆಗಾಲದ ಒಂದು ರವಿವಾರ. ಮುಂಜಾನೆಯೇ ಮೋಡ ಕವಿದು ಮನೆಯೊಳಗೆ ಸಂಜೆಯಾದಂತಿತ್ತು. ಉತ್ತಮ ಸ್ನಾನ ಮುಗಿಸಿ ಪಡಸಾಲೆಗೆ ಬಂದಾಗ ಪೆಟ್ಟಿಗೆಯೊಳಗಿಂದ ಸದ್ದು ಕೇಳಿತು.

ಟಕ್.

ಯಾರೋ ಒಳಗಿನಿಂದ ಉಗುರಿನಿಂದ ಗಾಜು ಬಡಿದಂತೆ. ಬಗ್ಗಿ ನೋಡಿದ. ಪಟ್ಟೆಯ ಜೋಡಿಯಲ್ಲಿ ಒಂದು ಇರಲಿಲ್ಲ. ಕಲ್ಲಿನ ಹಿಂದೆ, ಮರಳಿನ ಮೇಲೆ, ಎಲ್ಲಿಯೂ ಇಲ್ಲ. ಹೆಣವೂ ಇಲ್ಲ. ಕೆಳಗೆ ಕರೀ ಫರಸಿಯ ನೆಲದ ಮೇಲೆ ಮಾತ್ರ ಹನಿ ಹನಿ ನೀರು ಬಿದ್ದು, ಆರಿ, ಬೆಳ್ಳಗೆ ಉಪ್ಪಿನ ಕಲೆಗಳಾಗಿದ್ದವು. ಪೆಟ್ಟಿಗೆಯಿಂದ ಹೊರಟ ಆ ಸಾಲು ನಡುಮನೆಯ ಕತ್ತಲಿನಲ್ಲಿ ಕಾಣದಾಗಿತ್ತು.

“ಎಲ್ಲಾ ಆರಾಮ ಅದಾವಲ್ಲೋ?”

ಉತ್ತಮ ಬೆಚ್ಚಿಬಿದ್ದ. ದೇವರ ಕೋಣೆಯ ಬಾಗಿಲಲ್ಲಿ ತಾಯಿ ನಿಂತಿದ್ದಳು.

“ಆರಾಮ ಅದಾವ ಅವ್ವ. ಒಂದ ಕಲ್ಲಿನ ಹಿಂದ ಮಲಗೇತಿ.”

ಆಕೆ ಅವನನ್ನೊಮ್ಮೆ ನೋಡಿ, “ಹೌದಾ,” ಎಂದಷ್ಟೇ ಅಂದು ಒಳಗೆ ಹೋದಳು.

ಉತ್ತಮ ಪಕ್ಕದ ಮನೆಯ ಬಾಳಾಸಾಬನನ್ನು ಗುಟ್ಟಾಗಿ ಕರೆದ. ಬಾಳಾಸಾಬ ನಿವೃತ್ತ ಬಸ್ ಕಂಡಕ್ಟರ್; ಗುಟ್ಟನ್ನೂ ಸ್ಟಾಪಿನ ಹೆಸರು ಕೂಗಿದಂತೆಯೇ ಹೇಳುವವ. ಆದ್ದರಿಂದ ಅವನ ಹಿಂದೆಯೇ ಎದುರುಮನೆಯ ಭೀಮಾಬಾಯಿಯೂ ಬಂದಳು. ಬಾಳಾಸಾಬ ನೆಲದ ಮೇಲಿನ ಬಿಳಿ ಕಲೆಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡ.

“ಉಪ್ಪ! ಎದ್ದ ನಡದ ಹೋಗೇತಿ ಇದು.”

“ಮೀನಿಗೆ ಕಾಲ ಎಲ್ಲಿಂದ ಬಂದಾವ ಕಾಕಾ?”

“ಮೀನ ಅಲ್ಲೋ ತಮ್ಮಾ,” ಎಂದಳು ಭೀಮಾಬಾಯಿ, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತ. “ಸಮುದ್ರದಾಗ ಎಷ್ಟ ಮಂದಿ ಮುಳಗಿ ಸತ್ತಿರತಾರ! ನೀ ಬರೇ ನೀರ ತಂದೇನಿ ಅಂತ ತಿಳದಿ. ನೀರಿನ ಕೂಡ ಮತ್ತ್ಯಾರನ ಕರಕೊಂಡ ಬಂದೀ ನೋಡು.”

ಅದೇ ಹೊತ್ತಿಗೆ ಕರೆಂಟು ಹೋಯಿತು. ಹಗಲೂ ರಾತ್ರಿ ಗುಳುಗುಳು ಎನ್ನುತ್ತಿದ್ದ ಪಂಪು ನಿಂತು, ಮನೆಯೇ ಉಸಿರು ಬಿಗಿಹಿಡಿದಂತಾಯಿತು. ಆ ಮೌನದಲ್ಲಿ ಮತ್ತೆ, ಟಕ್. ಮೂವರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಅಂಗಳಕ್ಕೆ ಬಿದ್ದರು. ಉತ್ತಮನ ಬಲ ಚಪ್ಪಲಿ ಬಾಳಾಸಾಬನ ಕಾಲಿಗೆ ಬಂದಿತ್ತು.

ಬ್ಯಾಟರಿ ಹುಡುಕಿ, ಧೈರ್ಯ ಹುಡುಕಿ ಅವರು ಒಳಗೆ ಬಂದಾಗ ಜೋಡಿಯ ಇನ್ನೊಂದು ಮೀನೂ ಮಾಯವಾಗಿತ್ತು. ನೆಲದ ಮೇಲೆ ಹೊಸ ಹನಿಗಳಿದ್ದವು.

“ಇನ್ನೂ ಹಸೀ ಅದಾವ,” ಎಂದು ಪಿಸುಗುಟ್ಟಿದ ಉತ್ತಮ.

ಬಾಳಾಸಾಬ ಪೆಟ್ಟಿಗೆಗೆ ಕಿವಿ ಹಚ್ಚಿದ. “ಸಪ್ಪಳ ಕಲ್ಲಿನೊಳಗಿಂದ ಬರಾಕತ್ತೇತಿ. ದೆವ್ವಾ ಇಲ್ಲಾ, ಪಿಶಾಚಿ ಇಲ್ಲಾ. ಯಾವ್ದೋ ಜೀವ ಒಳಗ ಕೂತ ಒಂದೊಂದ ನುಂಗಾಕತ್ತೇತಿ. ತಗೀರಿ ಕಲ್ಲ!”

ಉತ್ತಮನ ಕಣ್ಣ ಮುಂದೆ ಸಲಾಯಿನ್ ಬಾಟಲಿ ತೂಗಾಡಿತು. ತಾಯಿಗೆ ಸುಳಿವು ಸಿಗುವ ಮೊದಲು ಆ ಕೊಲೆಗಾರನನ್ನು ಮನೆಯಿಂದ ಹೊರಗೆ ಹಾಕಬೇಕು. ಮೂವರೂ ಕಲ್ಲನ್ನು ಉಪ್ಪುನೀರಿನ ಪಾತೇಲಿಯಲ್ಲಿ ಇಟ್ಟುಕೊಂಡು, ಕಳ್ಳ ಮಾಲು ಹೊತ್ತವರ ಹಾಗೆ ಅಂಗಳಕ್ಕೆ ಒಯ್ದರು. ಒಂದೊಂದೇ ತೂತಿಗೆ ಬ್ಯಾಟರಿ ಬಿಟ್ಟು ನೋಡಿದರು. ಕೊನೆಯ ತೂತಿನಿಂದ ಹೊರಬಂದದ್ದು ಕಿರುಬೆರಳಿನ ಉಗುರಿನಷ್ಟು ಒಂದು ಸಿಗಡಿ, ಕಲ್ಲಿನ ಜೊತೆಗೇ ಬಂದದ್ದು. ಅದಕ್ಕೆ ಏಡಿಯ ಹಾಗೆ ಒಂದೇ ಒಂದು ದಪ್ಪ ಕೊಂಡಿ. ಅದನ್ನು ಎತ್ತಿ ಅವರ ಮುಖಕ್ಕೇ ಒಮ್ಮೆ ಟಕ್ ಎನಿಸಿತು.

“ಇದು ಮೀನಾ ನುಂಗಿತ?” ಎಂದಳು ಭೀಮಾಬಾಯಿ. “ಇರುವಿ ಎಮ್ಮಿ ನುಂಗಿದಂಗಾತು!”

ಸಿಗಡಿ ನಿರಪರಾಧಿ ಎಂದು ಕಲ್ಲಿನೊಳಕ್ಕೇ ಬಿಟ್ಟು ಒಳಗೆ ಬಂದರೆ ಹಳದಿ ಮೀನೂ ಇಲ್ಲ, ಕಡ್ಡಿ ಮೀನೂ ಇಲ್ಲ. ಬರಿದಾದ ನೀರಿನ ನಡುವೆ ಹೆಬ್ಬೆರಳಿನಷ್ಟು ನೀಲಿ ಮೀನು ಒಂದೇ, ತನ್ನ ಆಸ್ತಿ ಅಳೆಯುವ ಗೌಡನಂತೆ ಗಾಜಿನಿಂದ ಗಾಜಿಗೆ ಸುತ್ತುತ್ತಿತ್ತು. ಉತ್ತಮ ಬಗ್ಗಿ ಅದರ ಹೊಟ್ಟೆ ನೋಡಿದ. ಇಷ್ಟು ಸಣ್ಣ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಹಳದಿ ಮೀನು ಹೇಗೆ ಹಿಡಿದೀತು?

ಆಗ ಹಿತ್ತಿಲ ಕಡೆಯಿಂದ ಸದ್ದಾಯಿತು. ಒದ್ದೆ ಪಾದ ನೆಲಕ್ಕೆ ಅಂಟಿ ಅಂಟಿ ಬಿಡುವ ಸದ್ದು. ಹನಿಗಳ ಸಾಲು ಹೋಗಿದ್ದ ದಿಕ್ಕಿನಿಂದಲೇ ಅದು ಹತ್ತಿರ ಬರುತ್ತಿತ್ತು. ಬಾಳಾಸಾಬ ಕಂಬದ ಹಿಂದೆ, ಭೀಮಾಬಾಯಿ ಬಾಳಾಸಾಬನ ಹಿಂದೆ. ಉತ್ತಮ ಬ್ಯಾಟರಿಯನ್ನು ಆ ಕಡೆ ತಿರುಗಿಸಿದ. ಬೆಳಕು ಮೊದಲು ಸೀರೆಯ ಒದ್ದೆ ಅಂಚಿನ ಮೇಲೆ, ಆಮೇಲೆ ಒಂದು ತಾಮ್ರದ ತಂಬಿಗೆಯ ಮೇಲೆ, ಕೊನೆಗೆ ಹಿಟ್ಟಿನ ಜರಡಿಯ ಮೇಲೆ ಬಿತ್ತು.

“ಅಯ್ಯ! ಹೆದರಿಸಿದೆಲ್ಲೋ ಮೂಳಾ!” ಎಂದು ಕೂಗಿದಳು ಜಿನಮತಿಬಾಯಿ.

ಉತ್ತಮ ಜರಡಿಯನ್ನೂ ಖಾಲಿ ತಂಬಿಗೆಯನ್ನೂ ನೋಡಿದ. ಆಕೆಯೇ ಅಪರಾಧಿಯಂತೆ ತಲೆ ತಗ್ಗಿಸಿದಳು.

“ನಿನಗ ಗೊತ್ತಾಗಬಾರದಂತ ಮಾಡಿದ್ದೆ. ಆ ನೀಲಿ ಭಾಡ್ಯಾ ಪಾಪದವನ್ನ ಬೆನ್ನ ಹತ್ತಿ ಬಾಲಾ ಕಡ್ಯಾಕತ್ತಿತ್ತು. ಇಂದ ಬಾಲಾ ಕಡದದ್ದು ನಾಳೆ ಮೈ ತಿಂದೀತಂತ ಒಂದೊಂದ ಹಿಡದು ಹಿತ್ತಲ ಬಾವ್ಯಾಗ ಬಿಟ್ಟ ಬಂದೆ. ಎಷ್ಟ ಖುಷೀಲೆ ಕೆಳಗ ಹೋದೂವು ಅಂತಿ! ತಿರಗಿ ಸುದ್ದಾ ನೋಡಲಿಲ್ಲ.”

ಸಮುದ್ರದ ಮೀನು ಬಾವಿಯ ಸಿಹಿನೀರಿಗೆ ಬಿದ್ದರೆ ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಉಳಿಯುವುದಿಲ್ಲ. ಉತ್ತಮ ತಾಯಿಯ ಮುಖ ನೋಡಿದ. ನಾಲ್ಕು ಜೀವ ಉಳಿಸಿದ ಸಂತೋಷ ಅಲ್ಲಿ ದೀಪದ ಹಾಗೆ ಬೆಳಗುತ್ತಿತ್ತು. ನಿಜ ಹೇಳಿದರೆ ಆ ದೀಪ ಆರುತ್ತದೆ. ಆಮೇಲೆ ಆಕೆಯೂ ಉಳಿಯಲಿಕ್ಕಿಲ್ಲ.

“ಛಲೋ ಮಾಡಿದಿ ಅವ್ವ,” ಎಂದ.

“ಆ ನೀಲೀದನ್ನೂ ಬಿಟ್ಟ ಬರ್ತೇನಿ. ಅದೂ ಒಂದ ಜೀವ ಅಲ್ಲೇನು? ಅಷ್ಟ ದೊಡ್ಡ ಬಾವ್ಯಾಗ ಹೊಡದಾಟ ಎಲ್ಲಿ?”

“ಬ್ಯಾಡ ಬ್ಯಾಡ!” ಉತ್ತಮ ಅಡ್ಡ ನಿಂತ. ಉಳಿದ ಒಂದಾದರೂ ಬದುಕಬೇಕಲ್ಲ. “ಅದರ ಬಳಗೆಲ್ಲಾ ಸಮುದ್ರದಾಗ ಐತಿ ಅವ್ವ. ಇವತ್ತ ಬಸ್ಸ ಹತ್ತಿ ವೆಂಗುರ್ಲೆಗೆ ಒಯ್ದ ಬಿಟ್ಟ ಬರ್ತೇನಿ.”

ಜಿನಮತಿಬಾಯಿಯ ಕಣ್ಣು ತುಂಬಿ ಬಂತು.

“ಹಂಗಾದ್ರ ಉಳದವಕ್ಕೂ ಬಳಗ ಇರ್ತೇತಲ್ಲೋ. ಅಗಲಿಸಿಬಿಟ್ನಲ್ಲ ನಾ! ಅವನ್ನೂ ತಗದು ಕೂಡೇ ಕರಕೊಂಡ ಹೋಗು.”

ಹೀಗೆ ಉತ್ತಮ ಮಳೆಹನಿಯಲ್ಲಿ ಬಾವಿಯ ಕಟ್ಟೆಯ ಮೇಲೆ ನಿಂತು, ಇಲ್ಲದ ಮೀನಿಗಾಗಿ ಕೊಡ ಇಳಿಬಿಡತೊಡಗಿದ. ಓಣಿಯೆಲ್ಲ ಸೇರಿತ್ತು. ಕೆಳಗೆ ನೀರು ಕಾಡಿಗೆಯ ಹಾಗೆ ಕಪ್ಪಾಗಿತ್ತು. ಅದರ ಮೇಲೆ ಏನೂ ತೇಲದಿರಲಿ ಎಂದು ಅವನು ಒಳಗೊಳಗೇ ಣಮೋಕಾರ ಮಂತ್ರ ಜಪಿಸುತ್ತಿದ್ದ. ಕೊಡದಲ್ಲಿ ಬರೀ ನೀರು ಬಂತು, ಮತ್ತೆ ಬರೀ ನೀರು ಬಂತು. ಆಮೇಲೊಮ್ಮೆ ಮೇಲೇರುತ್ತಿದ್ದ ಕೊಡದ ಒಳಗಿನಿಂದ ಏನೋ ಪಟಪಟ ಬಡಿಯಿತು. ಉತ್ತಮನ ಕೈಯಲ್ಲಿ ಹಗ್ಗ ಜಾರಿತು. ಸತ್ತದ್ದು ಬಡಿದೀತೇ?

ಕೊಡದಲ್ಲಿದ್ದದ್ದು ಬಾವಿಯದೇ ಒಂದು ಬೂದಿಬಣ್ಣದ ಮೀನು.

“ಹಳದೀದು!” ಜಿನಮತಿಬಾಯಿ ಕೈ ಜೋಡಿಸಿದಳು. “ಪಾಪ, ಹೆದರಿ ಬಣ್ಣಾನ ಬಿಟ್ಟೇತಿ.”

“ಅಷ್ಟರಾಗ ಮೀಸಿನೂ ಬಂದಾವ!” ಎಂದಳು ಭೀಮಾಬಾಯಿ.

ನೀಲಿ ಮೀನಿದ್ದ ಉಪ್ಪುನೀರಿನ ಕ್ಯಾನಿಗೆ ತಾಯಿ ಅದನ್ನು ಸುರಿಯಹೋದಾಗ ಉತ್ತಮ ಅಕ್ಷರಶಃ ಮೇಲೆ ಬಿದ್ದು ತಡೆದ. ಉಪ್ಪುನೀರಿನಲ್ಲಿ ಇದೂ ಸಾಯುತ್ತದೆ.

“ಬ್ಯಾಡವ್ವ! ಕೂಡಿ ಬಾಳಂಗಿಲ್ಲ ಅವು. ಇದಕ್ಕ ಬ್ಯಾರೆ ಕ್ಯಾನ, ಬಾವಿ ನೀರ.”

“ಈಗರೆ ತಿಳೀತಲ್ಲ ನಿನಗ,” ಎಂದು ಆಕೆ ಮೆಚ್ಚಿಕೊಂಡಳು.

ವೆಂಗುರ್ಲೆ ಬಸ್ಸಿನ ಹೊತ್ತಾಯಿತೆಂದು ಬಾಳಾಸಾಬ ಕೂಗಿದ. ಉತ್ತಮ ಎರಡೂ ಕೈಗೆ ಒಂದೊಂದು ಕ್ಯಾನು ಎತ್ತಿಕೊಂಡ. ಬಚಾವಾದೆ ಅಂದುಕೊಂಡು ಆಂಬೋಲಿ ಘಾಟಿನ ತಿರುವುಗಳನ್ನು ನೆನೆಯುತ್ತ ಎರಡು ಹೆಜ್ಜೆ ಇಟ್ಟಿರಬೇಕು, ತಾಯಿ ಅವನ ಕೈಯಿಂದ ಕ್ಯಾನು ಇಳಿಸಿ ಹಗ್ಗ ಕೊಟ್ಟಳು.

“ಬಸ್ಸ ನಾಳೆನೂ ಇರ್ತೇತಿ. ಇನ್ನ ಮೂರ ಒಳಗ ಅದಾವ. ಅವು ಸಿಗೂತನಾ ನಾ ಬಾಯಾಗ ನೀರ ಹಾಕಂಗಿಲ್ಲ,” ಎಂದು ಕಟ್ಟೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. “ಹೂಂ, ಬಿಡು ಕೊಡಾ.”