ಕುದುರೆಗೂ ಹೆಸರಿತ್ತು

"ಅಪ್ಪಾ, ಈ ವೀರನ ಕುದುರೆಗೆ ಹೆಸರಿದೆ, ಕತ್ತಿಗೂ ಹೆಸರಿದೆ. ಹೆಂಡ್ತಿಗೆ ಯಾಕಿಲ್ಲ?"

ಗಡ್ಡ ಹೆರೆಯುತ್ತಿದ್ದ ಸೀಲು ಮಾಮನ ಕೈ ಗಕ್ಕನೆ ನಿಂತಿತು. ಗ್ರಂಥಾಲಯದ ಕೌಂಟರಿನಲ್ಲಿ ಕೂತು ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತುವುದು ಅವನ ಕೆಲಸ. ಅಲ್ಲಿಗೆ ಬರುವ ಮಕ್ಕಳು ಇಟ್ಟ ಹೆಸರು ಅದು. ಈಗ ಕಾಲೇಜು ಓದುವ ಅವನ ಮಗಳು, ಅವನ ಪ್ರಾಣಪ್ರಿಯ ಮಾಯಾಲೋಕದ ಕಾದಂಬರಿಯ ಮೂರನೆಯ ಸಂಪುಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇದ್ದೇ ಇರುತ್ತೆ. ಸರಿಯಾಗಿ ನೋಡು."

"ನೋಡಿದೆ. 'ವೀರನ ಮಡದಿ' ಅಂತ ಬರ್ತಾಳೆ. ಕಿಟಕೀಲಿ ನಿಂತು ಅಳ್ತಾಳೆ. ಸಾಯ್ತಾಳೆ. ಇವನಿಗೆ ಒಂದು ಹನಿ ಕಣ್ಣೀರಿಲ್ಲ. ಅದೇ ಕುದುರೆ ಸತ್ತಾಗ ಒಂದು ಅಧ್ಯಾಯ ಪೂರ್ತಿ ಗೋಳಾಡ್ತಾನೆ."

ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಒಳಗಿನಿಂದಲೇ ಕೂಗಿದಳು. "ಹೋಗ್ಲಿ ಬಿಡೇ, ಈ ಮನೇಲಿ ಮಾತ್ರ ನನಗೇನು ಹೆಸರಿದೆ? 'ಏ, ಇಲ್ನೋಡು' ಅಂದ್ರೆ ನಾನೇ ಅಂತ ತಿಳ್ಕೋಬೇಕು!"

ಬೇರೆ ದಿನವಾಗಿದ್ದರೆ ಸೀಲು ಮಾಮ ನಕ್ಕುಬಿಡುತ್ತಿದ್ದ. ಆದರೆ ಅವತ್ತು ಸಂಜೆ ಆ ಲೇಖಕರೇ ಗ್ರಂಥಾಲಯಕ್ಕೆ ಮಾತಾಡಲು ಬರುವವರಿದ್ದರು. ಕರೆಸಿದವನು ಇವನೇ. ಹಿಂದೊಮ್ಮೆ ಬಂದ ಅತಿಥಿಯೊಬ್ಬರು "ಹೆಂಗಸರಿಗೆ ಅಡುಗೆ ಪುಸ್ತಕ ಸಾಕು" ಎಂದು ಬಾಯಿಜಾರಿ, ಸಭೆ ರಣರಂಗವಾಗಿ, ಸಂಜೆಯ ಕಾರ್ಯಕ್ರಮಗಳೇ ನಿಂತುಹೋಗಿದ್ದವು. "ಇವರು ಅಪರಂಜಿ ಮೇಡಂ, ನಾನು ಗ್ಯಾರಂಟಿ" ಎಂದು ಎದೆ ತಟ್ಟಿಕೊಂಡು ಗ್ರಂಥಾಲಯದ ಮುಖ್ಯಸ್ಥೆಯನ್ನು ಒಪ್ಪಿಸಿದ್ದ.

ಗಲ್ಲದ ಮೇಲೆ ಬ್ಲೇಡು ತಾಗಿದ ಗಾಯಕ್ಕೆ ಅಂಟಿಸಿದ ಕಾಗದದ ಚೂರಿನೊಂದಿಗೇ ಕೆಲಸಕ್ಕೆ ಹೋದ. ಕೌಂಟರಿನ ಕೆಳಗೆ ಆರೂ ಸಂಪುಟ ಇಟ್ಟುಕೊಂಡು ಕದ್ದು ಕದ್ದು ತಿರುವಿದ. ಒಂದರಲ್ಲಿ ರಾಣಿಗೆ ವಿಷ. ಇನ್ನೊಂದರಲ್ಲಿ ರಾಜಕುಮಾರಿಯ ಅಪಹರಣ. ಐದನೆಯದರಲ್ಲಿ ಒಬ್ಬಳು ಜಾಣೆ ಬಂದಳಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಅವಳು ಮಾಟಗಾತಿಯಾಗಿ ಸುಟ್ಟುಹೋದಳು. ತನ್ನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವೇ ಪುಸ್ತಕಗಳನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ್ದ. ಅಪ್ಪ ಕೊನೆಯ ಸಲ ನಕ್ಕಿದ್ದು ಡ್ರ್ಯಾಗನ್ನಿಗೆ ನೆಗಡಿಯಾದ ಪುಟದಲ್ಲಿ. ಬರೆದವನೇ ಹೊಲಸು ಮನುಷ್ಯ ಎಂದಾದರೆ ಆ ನಗುವನ್ನು ಎಲ್ಲಿಡುವುದು?

ತಡೆಯಲಾರದೆ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನ ಬಳಿ ಬಾಯಿಬಿಟ್ಟ.

"ಬರೆದೋನು ಹೆಂಗಾದ್ರೂ ಇರ್ಲಿ, ಹೊಲಿಗೆ ಗಟ್ಟಿ ಇದ್ರೆ ಸಾಕು" ಎಂದು ಬೈಂಡರ್ ಅಂಟಿನ ಕುಂಚ ಅದ್ದಿದ. ಅವನ ಕೈಯಲ್ಲಿ ಕಾಗದ ಎಷ್ಟು ಬೇಗ ಅಂಟುತ್ತದೋ ಬಾಯಲ್ಲಿ ಸುದ್ದಿ ಅಷ್ಟೇ ಬೇಗ ಬಿಚ್ಚಿಕೊಳ್ಳುತ್ತದೆ. ಊಟದ ಹೊತ್ತಿಗೆ ಅದು ಮಹಿಳಾ ಓದುಗರ ಬಳಗವನ್ನು ಮುಟ್ಟಿ, ಬಳಗದ ಮುಂದಾಳು, ನಿವೃತ್ತ ಲೆಕ್ಕದ ಟೀಚರು, ಕೌಂಟರಿಗೇ ಬಂದು ನಿಂತರು.

"ಏನಪ್ಪಾ, ನಿಮ್ಮ ಲೇಖಕರಿಗೆ ಹೆಂಗಸರನ್ನ ಕಂಡ್ರೆ ಆಗಲ್ವಂತೆ?"

"ಛೆ ಛೆ, ಯಾರಂದ್ರು ಟೀಚರ್?"

"ನೀವೇ ಅಂದ್ರಂತೆ. ಇರ್ಲಿ, ಸಂಜೆ ಬಳಗದವರೆಲ್ಲ ಬರ್ತೀವಿ. ಕೇಳೋದು ಬಹಳ ಇದೆ."

ಹಿಂದೆಯೇ ಮುಖ್ಯಸ್ಥೆಯ ಕರೆ ಬಂತು. ಅವರು ಕನ್ನಡಕದ ಮೇಲಿನಿಂದ ನೋಡಿ ಮೆಲ್ಲಗೆ ಹೇಳಿದರು. "ಇವತ್ತು ಗಲಾಟೆ ಆದ್ರೆ ಕಾರ್ಯಕ್ರಮ ಶಾಶ್ವತವಾಗಿ ಬಂದ್. ನೀವು ನೆಲಮಾಳಿಗೆಯ ಗೋಡೌನಿಗೆ. ಅಲ್ಲಿ ಇಲಿಗಳಿಗೆ ಗ್ಯಾರಂಟಿ ಕೊಡಬಹುದು."

ಸಂಜೆ ಆಟೋದಿಂದ ಇಳಿದ ಲೇಖಕರು ಗುಬ್ಬಿಯಂಥ ಮುದುಕರು. ಪುಸ್ತಕದಲ್ಲಿ ಕಪ್ಪು ಕುದುರೆಗಳ ಸೈನ್ಯ ನಡೆಸಿದವರು ಮೆಟ್ಟಿಲು ಹತ್ತಲು ಸೀಲು ಮಾಮನ ಭುಜ ಹಿಡಿದರು. ಅವನಿಗೆ ರೋಮಾಂಚನವಾಯಿತು. ಅವರು ಕೇಳಿದ ಮೊದಲ ಮಾತಿಗೆ ಅದೇ ರೋಮ ಸೆಟೆದು ನಿಂತಿತು.

"ಹೆಂಗಸರು ಬಂದಿದ್ದಾರಾ?"

"ಬಂದಿ... ಒಂದಷ್ಟು ಜನ ಸರ್."

"ಮುಂದೆ ಕೂರಿಸಿ. ನನ್ನ ಹತ್ತಿರಕ್ಕೆ." ಮುದುಕರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

ಮುಗಿಯಿತು ಕತೆ, ಎಂದುಕೊಂಡ ಸೀಲು ಮಾಮ. ಪುಸ್ತಕದಲ್ಲಿ ಹೆಂಗಸರು ಬೇಡ, ಪಕ್ಕದಲ್ಲಿ ಹೆಂಗಸರೇ ಬೇಕು! ಓಡಿಹೋಗಿ ಮುಂದಿನ ಸಾಲುಗಳಲ್ಲಿ ಆಗಲೇ ಕೂತಿದ್ದ ಬಳಗದವರ ಮುಂದೆ ಕೈಮುಗಿದ. "ಅಮ್ಮಂದಿರೇ, ಅಕ್ಕಂದಿರೇ, ಹಿಂದೆ ಗಾಳಿ ಚೆನ್ನಾಗಿ ಬರುತ್ತೆ, ಆ ಕಡೆ ಕೂತ್ಕೊಳ್ಳಿ." ಅವರು ಗೊಣಗುತ್ತ ಎದ್ದರು. ಟೀಚರು ಮಾತ್ರ ಅವನನ್ನು ತಪ್ಪು ಲೆಕ್ಕ ನೋಡಿದಂತೆ ನೋಡಿ ಹಿಂದಕ್ಕೆ ನಡೆದರು. ಮುಂದಿನ ಸಾಲಿಗೆ ವಾಚ್‌ಮನ್ನನ್ನೂ ಎಲೆಕ್ಟ್ರಿಷಿಯನ್ನನ್ನೂ ಬೈಂಡರನನ್ನೂ ತಂದು ತುಂಬಿದ. ಕೊನೆಯ ಸಾಲಿನ ಮೂಲೆಯಲ್ಲಿ ಮಗಳು ಕೂತಿದ್ದಳು. ಅವಳ ಕಣ್ಣು ತಪ್ಪಿಸಿದ.

ಭಾಷಣ ಹೇಗೋ ಮುಗಿಯಿತು. ಪ್ರಶ್ನೆಗಳ ಹೊತ್ತು ಬಂತು. ಮೈಕು ಸೀಲು ಮಾಮನ ಕೈಯಲ್ಲಿ.

ಹಿಂದೆ ಕೈಗಳು ಕಾಡಿನಂತೆ ಎದ್ದವು. ಅವನು ಎಲೆಕ್ಟ್ರಿಷಿಯನ್ನನ ಬಾಯಿಗೆ ಮೈಕು ಹಿಡಿದ. "ಡ್ರ್ಯಾಗನ್ನು ಬೆಂಕಿ ಉಗುಳಿದ್ರೆ ಎಷ್ಟು ವೋಲ್ಟು ಸಾರ್?" ಆಮೇಲೆ ವಾಚ್‌ಮನ್. "ಕೋಟೆ ಕಾಯೋರಿಗೆ ವಾರದ ರಜೆ ಇರುತ್ತಾ?" ಬೈಂಡರ್ ಪ್ರಶ್ನೆಯೇ ಇಲ್ಲವೆಂದರೂ ಬಿಡದೆ, "ಏನಾದ್ರೂ ಕೇಳೋ ಮಾರಾಯ" ಎಂದು ಪಿಸುಗುಟ್ಟಿದ. ಅದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. ಟೀಚರ ಎತ್ತಿದ ಕೈಯನ್ನು ಮೂರು ಸಲ ದಾಟಿಹೋದ. ಬೆನ್ನಲ್ಲಿ ಬೆವರು ನಲ್ಲಿಯಂತೆ ಇಳಿಯುತ್ತಿತ್ತು. "ಸಮಯ ಆಯ್ತು, ಇನ್ನು ವಂದನಾರ್ಪಣೆ..."

"ನಿಲ್ಲಿಸ್ರೀ!" ಟೀಚರು ಎದ್ದು ನಿಂತಿದ್ದರು. "ನಾನು ಜೀವಮಾನವೆಲ್ಲ ಮೈಕಿಲ್ದೇ ಪಾಠ ಮಾಡಿದೋಳು. ಸ್ವಾಮಿ, ನಿಮ್ಮ ಆರು ಸಂಪುಟದಲ್ಲಿ ಒಬ್ಬ ಹೆಂಗಸೂ ನೆಟ್ಟಗೆ ಬದುಕಲಿಲ್ಲ. ನಿಮಗೆ ನಾವೇನು ಮಾಡಿದ್ವಿ?"

ಮುಖ್ಯಸ್ಥೆ ಕುರ್ಚಿಯ ಕೈ ಬಿಗಿಹಿಡಿದರು. ಸೀಲು ಮಾಮನ ಮೂಗಿಗೆ ಆಗಲೇ ನೆಲಮಾಳಿಗೆಯ ವಾಸನೆ ಬಡಿಯಿತು.

ಮುದುಕರು ನಿಧಾನವಾಗಿ ಎದ್ದರು. "ಈ ಮಾತು ಕೇಳೋಕೇ ನಾನು ಬಂದದ್ದು ತಾಯಿ. ಮೊಮ್ಮಗಳು ಓದಿ, 'ತಾತ, ಇದರಲ್ಲಿ ನಾನೆಲ್ಲಿದೀನಿ' ಅಂದ್ಲು. ಆರೂ ಸಂಪುಟ ಹುಡುಕಿದೆ, ಅವಳು ಎಲ್ಲೂ ಇರಲಿಲ್ಲ. ನನಗೆ ಬರೆಯೋಕೆ ಬಂದದ್ದು ಅಷ್ಟೇ, ನೋಡೋಕೆ ಬರಲಿಲ್ಲ. ಏಳನೇ ಸಂಪುಟಕ್ಕೆ ಮುಂಚೆ ನಿಮ್ಮಿಂದ ಬೈಸಿಕೊಂಡು ಕಲೀಬೇಕು ಅಂತ ಹೆದರ್‍ಕೊಂಡೇ ಬಂದೆ."

ಚಪ್ಪಾಳೆ ಬಿತ್ತು. ಮುಖ್ಯಸ್ಥೆಯೂ ತಟ್ಟಿದರು. ಸೀಲು ಮಾಮನ ಕಣ್ಣು ಮಂಜಾಯಿತು. ಅಪ್ಪನ ನಗು ಉಳಿಯಿತು ಎಂದುಕೊಂಡ.

"ಆದ್ರೆ ಒಂದು ಅರ್ಥ ಆಗ್ಲಿಲ್ಲ" ಎಂದರು ಲೇಖಕರು. "ನಿಮ್ಮನ್ನ ನನ್ನ ಹತ್ತಿರ ಕೂರಿಸಿ ಅಂದಿದ್ದೆ. ಅಷ್ಟು ದೂರ ಕೂತಿದ್ದೀರಿ. ಒಬ್ಬರಿಗೂ ಮೈಕು ಬರಲಿಲ್ಲ. ಯಾಕೆ?"

ಸಭೆಯ ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದವು. ಮೊದಲು ತಿರುಗಿದ್ದು ಮಗಳ ತಲೆ.

"ಸರ್, ನಿಮ್ಮನ್ನ ಕಾಪಾಡೋಣ ಅಂತ..."

"ಯಾರಿಂದ?"

ಸೀಲು ಮಾಮ ಸುತ್ತ ನೋಡಿದ. ಹೇಳಲು ಒಂದೇ ಉತ್ತರವಿತ್ತು, ಅದನ್ನು ಹೇಳುವಂತಿರಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಕೇಳಿಸಿತು.

ಲೇಖಕರು ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖ ಅರಳಿತು. "ಟೀಚರ ಕೈ ದಾಟಿ ಹೋದ್ರಲ್ಲ, ಅದೇ ಥರ ಇನ್ನೊಂದ್ಸಲ ನಡೀರಿ."

"ಯಾಕೆ ಸರ್?"

"ಏಳನೇ ಸಂಪುಟಕ್ಕೆ ಒಬ್ಬ ದುಷ್ಟ ಬೇಕಾಗಿದ್ದ. ಅರಮನೆಯ ಬಾಗಿಲು ಕಾಯೋನು, ರಾಣಿಯರನ್ನ ಒಳಗೆ ಬಿಡದೋನು. ಇಂಥೋನು ನಿಜವಾಗಿ ಇರ್ತಾನಾ ಅಂತ ಸಂಶಯ ಇತ್ತು. ಈಗ ಹೋಯ್ತು."

ನೆಚ್ಚಿನ ಕಾದಂಬರಿಯೊಳಗೆ ಕಾಲಿಡಬೇಕೆಂದು ಸೀಲು ಮಾಮ ಎಷ್ಟೋ ಸಲ ಕನಸು ಕಂಡಿದ್ದ. ಮೈಕು ತಗ್ಗಿಸಿ ಕೇಳಿದ. "ಅವನಿಗೆ ಕೊನೇಲಿ ಏನಾಗುತ್ತೆ ಸರ್?"

"ನನ್ನನ್ನೇನು ಕೇಳ್ತೀರಿ? ಇನ್ಮುಂದೆ ಅದನ್ನ ಇವರು ಹೇಳ್ಬೇಕು."

ಹಿಂದಿನ ಸಾಲಿನ ಕುರ್ಚಿಗಳು ಕರಕರನೆ ಸದ್ದು ಮಾಡುತ್ತ ಮುಂದಕ್ಕೆ ಬಂದವು. ಟೀಚರು ಅವನ ಕೈಯಿಂದ ಮೈಕು ತೆಗೆದುಕೊಂಡರು.