ಒರಳುಕಲ್ಲಿನ ಮೂರು ಸುತ್ತು

ಕಾಂತರಾಜು: ಚಿಲಕ ತೆಗಿಯೇ! ಸೊಂಟ ಇಡ್ಕಂಬುಡ್ತು!

ಆಶಾರಾಣಿ: ಯಾಕೆ? ಗಾಳಿ ಬೆಳಕು ಚೆನ್ನಾಗೈತೆ, ಮನುಷ್ರೇ ಮಲಗ್ಬೋದು ಅಂತ ಈಗ್ತಾನೆ ಅಂದ್ರಲ್ಲ.

ಹಳೇಕೋಟೆಯ ಕಾಂತರಾಜು ತಾನೇ ಕಟ್ಟಿದ ಕೋಳಿಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಇಟ್ಟಿಗೆ ಗೋಡೆ, ತಗಡಿನ ಸೂರು, ಮುಂಗುಸಿ ನುಗ್ಗದಂತೆ ಬಾಗಿಲು ಬಡಿದರೆ ಹೊರಗಡೆ ತಾನಾಗಿಯೇ ಬೀಳುವ ಚಿಲಕ. ಎಲ್ಲಾ ಇತ್ತು, ಕೋಳಿಯೊಂದು ಬಿಟ್ಟು. ಸಂತೆಯಿಂದ ತಂದ ನಾಟಿ ಕೋಳಿಗಳು ಸಂಜೆಯಾದರೆ ಪಕ್ಕದ ಮನೆ ರೇವಮ್ಮನ ನುಗ್ಗೆಮರ ಹತ್ತುತ್ತಿದ್ದವು. 'ಬಾಗಿಲು ಕಿರಿದಾಯ್ತು' ಎಂದು ಹೆಂಡತಿ ಆಶಾರಾಣಿ ಆಡಿಕೊಂಡಿದ್ದಕ್ಕೆ ಇವನೇ ನುಗ್ಗಿ ತೋರಿಸಲು ಹೋಗಿದ್ದ. ಬಾಗಿಲು ದಡಾರನೆ ಬಿತ್ತು. ಚಿಲಕ ಮಾತ್ರ ಹೇಳಿದ ಕೆಲಸ ಮಾಡಿತು.

ಕಾಂತರಾಜು: ಸರ್ಕಲ್ಲಲ್ಲಿ ಟೀ ಅಂಗ್ಡೀಲಿ ಎಲ್ರೂ ಕಾಯ್ತಾವ್ರೆ ಕಣೆ!

ಆಶಾರಾಣಿ: ದಿನಾ ಸಂಜೆ ಓದ್ರೆ ಮುದ್ದೆ ತಣ್ಣಗಾದ್ಮೇಲೆ ಬರೋರು. ಇವತ್ತಾದ್ರೂ ಕಣ್ಮುಂದೆ ಕೂತಿರಿ.

ಕಾಂತರಾಜು: ಬೆಳಿಗ್ಗೆ ಚನ್ರಾಯಪಟ್ಣದಿಂದ ನಿಮ್ಮಣ್ಣ ಗೂಡು ನೋಡಕ್ಕೆ ಬತ್ತಾನೆ. ಕೋಳಿ ಮರದ್ಮೇಲಿದ್ರೆ ನನ್ನ ಮಾನ ಎಲ್ಲಿಡ್ಲಿ?

ಆಶಾರಾಣಿ: 'ಸೀಟಿ ಒಡುದ್ರೆ ಸಾಲಾಗಿ ಒಳಕ್ಕೋಯ್ತವೆ' ಅಂತ ಅವ್ನಿಗೆ ಫೋನಲ್ಲಿ ಬುರುಡೆ ಬುಟ್ಟೋರ್ಯಾರು? ಒಡೀರಿ ಸೀಟಿ.

ಮಾತು ಕೇಳಿ ರೇವಮ್ಮ ಕಾಂಪೌಂಡಿನ ಮೇಲೆ ಮುಖ ಇಟ್ಟಳು.

ರೇವಮ್ಮ: ಅಯ್ಯೋ ಸಿವನೇ, ಉಂಜ ಇಷ್ಟು ದಪ್ಪ ಆಗೈತಾ!

ಆಶಾರಾಣಿ: ಕೂಗೋದೂ ಅಂಗೇ ಕಣಕ್ಕ. ಒತ್ತು ಗೊತ್ತಿಲ್ಲ.

ಕಾಂತರಾಜು: ರೇವಕ್ಕ, ಮೊದ್ಲು ಆ ನುಗ್ಗೆಮರ ಕಡಿಸು!

ರೇವಮ್ಮ: ನಿನ್ ಕೋಳೀನ ನಾನೇನು ಅರಿಶಿನ ಕುಂಕುಮಕ್ಕೆ ಕರ್ದಿದ್ನಾ ಕಾಂತರಾಜ? ತಂದ ದಿನ ಒಳಕಲ್ಲು ಸುತ್ತಿಸ್ದ್ಯಾ?

ಆಶಾರಾಣಿ: ಬಡ್ಕಂಡೆ ಕಣಕ್ಕ. ಮೂರು ಸುತ್ತು ಸುತ್ತಿಸ್ರಿ, ಆಮೇಲೆ ಅವು ಮನೆ ಬುಟ್ಟು ಓಗಕಿಲ್ಲ ಅಂತ. ಸಾಹೇಬ್ರು ಯೂಟ್ಯೂಬ್ ನೋಡಿ ಸಾಕೋರಂತೆ.

ಕಾಂತರಾಜು: ಕೋಳಿ ಏನು ದೋಸೆಹಿಟ್ಟು ರುಬ್ಬಕ್ಕೆ ಬಂದಿರೋದಾ? ಮಿಕ್ಸಿ ಬಂದ್ಮೇಲೆ ಆ ಕಲ್ಲಿನ ಮೇಲೆ ನಾಯಿ ಮಲಗ್ತದೆ. ಅದುಕ್ಕೇನು ಮಹಿಮೆ?

ಆಶಾರಾಣಿ: ಸರಿ ಬುಡಿ. ಯೂಟ್ಯೂಬ್‌ನೋರೇ ಬಂದು ಚಿಲಕ ತೆಗೀಲಿ.

ಅವಳು ಸೆರಗು ಕೊಡವಿಕೊಂಡು ಒಳಗೆ ಹೊರಟಳು. ಕಾಂತರಾಜುವಿನ ಸಿಟ್ಟು ನೆತ್ತಿಯಿಂದ ಸೊಂಟಕ್ಕೆ ಇಳಿದು, ಅಲ್ಲಿನ ನೋವು ನೋಡಿ ಹೆದರಿತು.

ಕಾಂತರಾಜು: ಸುತ್ತಿಸ್ತೀನಿ ತಾಯಿ, ತೆಗಿ!

ಆಶಾರಾಣಿ ಚಿಲಕ ತೆಗೆದಳು. ರೇವಮ್ಮ ದೋಟಿ ತಂದು ಮರ ಅಲ್ಲಾಡಿಸಿದಳು. ಬಿದ್ದ ಕೋಳಿಗಳನ್ನೆಲ್ಲ ಬಿದಿರಿನ ಮಂಕರಿಗೆ ತುಂಬಿ, ಮೇಲೆ ಗೋಣಿ ಮುಚ್ಚಿ, ಕಾಂತರಾಜುವಿನ ತಲೆ ಮೇಲೆ ಇಟ್ಟರು. ಒರಳುಕಲ್ಲಿನ ಮೇಲೆ ಮಲಗಿದ್ದ ನಾಯಿ ಎದ್ದು ದಾರಿ ಬಿಟ್ಟಿತು. ಹಲ್ಲು ಕಡಿಯುತ್ತಾ ಮೂರು ಸುತ್ತು ಮುಗಿಸುವಷ್ಟರಲ್ಲಿ ಹುಂಜ ಅವನ ಅಂಗಿ ಬೆನ್ನಿಗೆ ತನ್ನ ಅಭಿಪ್ರಾಯ ಹಾಕಿತ್ತು. ಮಂಕರಿ ಇಳಿಸಿದ. ತಲೆ ತಿರುಗಿದ್ದಕ್ಕೋ, ಕಲ್ಲಿನ ಮಹಿಮೆಗೋ, ಕೋಳಿಗಳು ತೂರಾಡಿಕೊಂಡು ನೆಟ್ಟಗೆ ಗೂಡು ಹೊಕ್ಕವು.

ಕಾಂತರಾಜು: ನೋಡುದ್ಯಾ! ಗೂಡು ಅಂಗೆ ಕಟ್ಟಿವ್ನಿ!

ಬೀಗುತ್ತಾ ಅಂಗಿ ಬದಲಾಯಿಸಿ ಬಂದ. ಒಂದು ಕಾಲು ಹೊಸ್ತಿಲು ದಾಟಿತ್ತು.

ಆಶಾರಾಣಿ: ಎಲ್ಲಿಗೆ?

ಕಾಂತರಾಜು: ಸರ್ಕಲ್‌ಗೆ.

ಆಶಾರಾಣಿ: ಕೋಳಿ ಮಂಕರೀಲಿ ಕೂತಿದ್ವು. ಕಾಲಲ್ಲಿ ಒಳಕಲ್ಲು ಸುತ್ತಿದೋರು ನೀವು. ಸುತ್ತಿದೋರು ಮನೆ ಬುಟ್ಟು ಓಗಂಗಿಲ್ಲ.

ಕಾಂತರಾಜು: ಲೇ, ಅದೆಲ್ಲ ಬರೀ ಸುಳ್ಳು ಕಣೆ!

ಆಶಾರಾಣಿ: ಅಂಗಾದ್ರೆ ಓಗಿ. ಸುಳ್ಳಾದ್ರೆ ಕೋಳಿಗೂ ಸುಳ್ಳೇ. ಬೆಳಿಗ್ಗೆ ನಮ್ಮಣ್ಣಂಗೆ ನುಗ್ಗೆಮರದ ಕೆಳಗೇ ಚೇರ್ ಆಕ್ತೀನಿ.

ಕಾಂತರಾಜು ಗೂಡು ನೋಡಿದ. ಮರ ನೋಡಿದ. ಹೊರಗಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ.

ಕಾಂತರಾಜು: ಒಂದ್ ಲೋಟ ಟೀನಾದ್ರೂ ಕಾಸೇ.

ಆಶಾರಾಣಿ: ಕಾಸ್ತೀನಿ. ಇಲ್ಲೇ ಕುಡೀತೀರೋ, ಗೂಡಿಗೇ ತಂದ್ಕೊಡ್ಲೋ?