ನಾಯಿಮರಿ ಸಿದ್ದಕಟ್ಟೆ ಬಿಟ್ಟಿದೆ

ಊರವರನ್ನೆಲ್ಲ ಕಾಯಿಸಿ ಹೊಟ್ಟೆ ಹೊರೆಯುವವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ, ಆಗಬೇಕಾದದ್ದೂ ಹೌದು. ನಾನು ಬಿ.ಸಿ. ರೋಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಬಸ್ಸು ಬಂದ ಹೊತ್ತು ಬರೆದುಕೊಳ್ಳುವುದು, ಹೊರಡುವ ಹೊತ್ತಿಗೆ ಸೀಟಿ ಊದುವುದು, ಬಾರದ ಬಸ್ಸಿನ ಬಗ್ಗೆ ಜನರಿಗೆ ಸಮಾಧಾನ ಹೇಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಕಲಿತ ವಿದ್ಯೆ ಒಂದೇ. ಮೂಡುಬಿದಿರೆಯ ಬಸ್ಸು ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಅದು ಎಲ್ಲೇ ಇರಲಿ, "ಸಿದ್ದಕಟ್ಟೆ ಬಿಟ್ಟಿದೆ" ಎನ್ನಬೇಕು. ದಾರಿಯ ಊರು ದಾಟಿತಲ್ಲ, ಇನ್ನೇನು ಬಂತು ಎಂದು ಕೇಳಿದವರು ಹೋಗಿ ಬೆಂಚಿನ ಮೇಲೆ ಕೂರುತ್ತಾರೆ, ನನಗೆ ಹತ್ತು ನಿಮಿಷ ನೆಮ್ಮದಿ.

ಅಂಥ ನನಗೆ ಕಳೆದ ವರ್ಷ ಅದೇ ಮೂಡುಬಿದಿರೆಯ ಕಡೆಯಿಂದ ಒಂದು ನಾಯಿಮರಿ ಬರಬೇಕಿತ್ತು.

ಮರಿ ನನಗಲ್ಲ, ಐದನೇ ಕ್ಲಾಸಿನ ಮಗಳಿಗೆ. ನಮ್ಮ ಮನೆ ಮೆಲ್ಕಾರ್‌ನ ಒಂದು ಒಳರಸ್ತೆಯಲ್ಲಿ. ಅವಳು ಶಾಲೆ ಬಿಟ್ಟು ನಾಲ್ಕೂವರೆಗೆ ಬಂದರೆ, ಸೊಸೈಟಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಬರುವುದು ಆರೂವರೆಗೆ. ಅಷ್ಟು ಹೊತ್ತು ಹುಡುಗಿ ಒಬ್ಬಳೇ. ಕುರ್ಚಿ ಹತ್ತಿ ಬಾಗಿಲಿನ ಮೇಲಿನ ಚಿಲಕವನ್ನೂ ಹಾಕಿ, ಟಿವಿಯನ್ನು ದೊಡ್ಡದಾಗಿ ಇಟ್ಟುಕೊಂಡು ಕೂರುತ್ತಿದ್ದಳು. ಹೆದರಿಕೆ ಎಂದು ಒಂದು ದಿನವೂ ಹೇಳಿದವಳಲ್ಲ. ಪಕ್ಕದ ಮನೆಯವರು ಟಿವಿಯ ಗದ್ದಲದ ಬಗ್ಗೆ ದೂರು ಹೇಳಿದಾಗಲೇ ನಮಗೆ ಗೊತ್ತಾದದ್ದು. ಸಂಕಟವಾಯಿತು. "ನಾಯಿ ತರುವ" ಎಂದುಬಿಟ್ಟೆ.

ಮೂಡುಬಿದಿರೆಯ ಹತ್ತಿರ ಲ್ಯಾಬ್ರಡಾರ್ ಮರಿ ಮಾಡಿಸಿ ಕೊಡುವ ಒಬ್ಬ ಪೊರ್ಬುಗಳಿದ್ದಾರೆ. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಹಾಗೆಯೇ ಕರೆಯುವುದು. ನೋಡಲು ಹೋದಾಗ ಅವರ ಅಂಗಳದಲ್ಲಿ ಬಸುರಿ ನಾಯಿಯೊಂದು ಬಂದು ಮಗಳ ಮಡಿಲಲ್ಲಿ ತಲೆ ಇಟ್ಟಿತು. ಅಲ್ಲಿಗೆ ಬೇರೆ ನಾಯಿಯ ಮಾತು ಮುಗಿಯಿತು. "ಇನ್ನೆಷ್ಟು ದಿನ?" ಎಂದೆ. "ಎರಡೇ ವಾರ, ಬಂದೇ ಬಿಡ್ತು" ಎಂದರು ಪೊರ್ಬುಗಳು. ಆ ಸ್ವರವನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆ ಮುಟ್ಟುವಾಗ ನೆನಪಾಯಿತು: ಅದು ನನ್ನದೇ ಸ್ವರ.

ಆಯ್ತು

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿದೆ. ಆ ಕಡೆ ಭಾರೀ ಗದ್ದಲ.

"ಪೊರ್ಬುಗಳೇ, ಆಯ್ತಾ?"

"ಆಯ್ತು, ಆಯ್ತು! ಮತ್ತೆ ಮಾಡ್ತೇನೆ."

ಫೋನ್ ಇಟ್ಟವನೇ ಎದುರಿನ ಬೇಕರಿಗೆ ಓಡಿ ಲಾಡು ತಂದೆ. ನಾಲ್ಕು ರೂಟಿನ ಡ್ರೈವರು, ಕಂಡಕ್ಟರುಗಳಿಗೆಲ್ಲ ಹಂಚಿದೆ. ಮನೆಗೆ ಫೋನ್ ಮಾಡಿ ಹೇಳಿದರೆ, ಶಾಲೆಗೆ ಹೊರಟಿದ್ದ ಮಗಳು ಚೀಲದ ಸಮೇತ ಕುಣಿದ ಸದ್ದು ಇಲ್ಲಿಗೆ ಕೇಳಿತು.

ಮಧ್ಯಾಹ್ನ ಪೊರ್ಬುಗಳೇ ಫೋನ್ ಮಾಡಿದರು. "ಎಷ್ಟು?" ಎಂದೆ.

"ಎಂತದ್ದು ಎಷ್ಟು?"

"ಮರಿ."

"ಮರಿಯಾ? ಅದಕ್ಕೆ ಇನ್ನೂ ಉಂಟಲ್ಲ ಮಾರಾಯ್ರೆ."

"ಬೆಳಿಗ್ಗೆ ಆಯ್ತು ಅಂದ್ರಲ್ಲ?"

"ಅದು ಮೀನಿನವನಿಗೆ ಹೇಳಿದ್ದು. ಒಂದು ಕಿಲೋ ಬಂಗುಡೆ ಹಾಕ್ಲಾ ಅಂತ ಕೇಳಿದ, ಆಯ್ತು ಅಂದೆ."

ಸಂಜೆ ಕಡೆಯ ಟ್ರಿಪ್ಪಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಲಾಡು ಒಳ್ಳೇದಿತ್ತು. ಮರಿ ಎಷ್ಟು ಮಾರಾಯ್ರೆ?" ಎಂದು ಕೂಗಿ ಕೇಳಿದ.

"ಒಂದು ಕಿಲೋ" ಎಂದೆ.

ಐದನೇ ನಂಬರ್

ಆಮೇಲಿನ ವಾರ ಡಾಕ್ಟರರಲ್ಲಿ ಸ್ಕ್ಯಾನ್ ಮಾಡಿಸಿದರಂತೆ. ನಾಲ್ಕು ಮರಿ ಕಂಡಿತಂತೆ.

"ಒಳ್ಳೇದಾಯ್ತು" ಎಂದೆ.

"ಒಳ್ಳೇದೇ. ಆದ್ರೆ ಹೇಳಿ ಇಟ್ಟವರಲ್ಲಿ ನಿಮ್ಮದು ಐದನೇ ನಂಬರ್."

"ಹಾಗಾದ್ರೆ ನಮಗೆ?"

"ನಿಮಗೆ ಮುಂದಿನ ಟ್ರಿಪ್ಪಿನಲ್ಲಿ ನೋಡುವ."

"ಮುಂದಿನ ಟ್ರಿಪ್ಪು ಯಾವಾಗ?"

"ಒಂದು ವರ್ಷ ಹೋಗ್ತದೆ."

ಮುಂದಿನ ಟ್ರಿಪ್ಪಿಗೆ ಬನ್ನಿ ಎಂದು ನಾನೂ ಸಾವಿರಾರು ಜನರಿಗೆ ಹೇಳಿದ್ದೇನೆ. ಆದರೆ ಯಾರನ್ನೂ ಒಂದು ವರ್ಷ ನಿಲ್ಲಿಸಿದವನಲ್ಲ. ತಲೆಗೆ ಕೈಹೊತ್ತು ಕೂತ ನನಗೆ ಮಗಳೇ ಸಮಾಧಾನ ಹೇಳಿದಳು. "ಒಂದು ಹಿಂದೆ ನಿಂತಿರಬಹುದು ಅಪ್ಪಾ. ಶಾಲೆಯ ಗ್ರೂಪ್ ಫೋಟೋದಲ್ಲಿ ನಾನು ಕಾಣ್ತೇನಾ? ಆದ್ರೂ ಇದ್ದೆನಲ್ಲ."

ಹೆಂಡತಿ ಅಂದಿನಿಂದ ಸಂಜೆ ದೇವರಿಗೆ ದೀಪ ಹಚ್ಚಿ, ಕೈಮುಗಿದು, ಗಟ್ಟಿಯಾಗಿ "ಐದು" ಎನ್ನತೊಡಗಿದಳು. ನಾಲ್ಕು ದಿನ ಕೇಳಿಸಿಕೊಂಡೆ. ಐದನೇ ದಿನ ತಡೆಯಲಾಗಲಿಲ್ಲ.

"ಐದು ಎಂತದ್ದು ಅಂತ ದೇವರಿಗೆ ಬಿಡಿಸಿ ಹೇಳು ಮಾರಾಯ್ತಿ. ಈ ಪ್ರಾಯದಲ್ಲಿ ನಮಗೇ ಕೊಟ್ಟರೆ?"

ಅವತ್ತು ಊಟಕ್ಕೆ ಗಂಜಿ ಇತ್ತು. ಉಪ್ಪು ನಾನೇ ಹುಡುಕಿಕೊಳ್ಳಬೇಕಾಯಿತು.

ಲೇಹ

ಕೊನೆಗೂ ನೋವು ಶುರುವಾಯಿತೆಂದು ಪೊರ್ಬುಗಳ ಫೋನ್ ಬಂದದ್ದು ಬೆಳ್ತಂಗಡಿ ಬಸ್ಸು ತಡವಾಗಿದ್ದ ಒಂದು ದಿನ. ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಅಜ್ಜಿಯೊಬ್ಬರು ಚೀಲ ಹಿಡಿದು ಕೂತಿದ್ದರು. ಎರಡು ಬಸ್ಸುಗಳ ಹಾರ್ನಿನ ನಡುವೆ ನಾನು ಕಿರುಚಿಯೇ ಮಾತಾಡಬೇಕಾಯಿತು. ನಾಯಿಯನ್ನು "ಅದು" ಎಂದರೆ ಮಗಳಿಗೆ ಸಿಟ್ಟು. ಹಾಗಾಗಿ ನನಗೂ "ಅವಳು" ಎನ್ನುವುದು ಬಾಯಿಗೆ ಬಂದುಬಿಟ್ಟಿತ್ತು.

"ಬೆಳಿಗ್ಗೆಯಿಂದಲಾ? ಅವಳು ಎಂತಾದ್ರೂ ತಿಂದಳಾ? ಸ್ವಲ್ಪ ಬೆನ್ನು ಸವರಿ ಮಾರಾಯ್ರೆ, ಪಾಪ."

ಗಂಟೆ ಬಿಟ್ಟು ಮತ್ತೊಂದು ಫೋನ್. "ಎಷ್ಟು? ಆರಾ? ದೇವರೇ, ಆರು!" ಎಂದು ಎದ್ದು ನಿಂತೆ. ಬೆಳ್ತಂಗಡಿ ಬಸ್ಸು ಇನ್ನೂ ಬಂದಿರಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಎಷ್ಟು ಅಂದಿ?"

"ಆರು ಅಜ್ಜಿ."

"ಅವಳು ಅಲ್ಲಿ ಆರು ಹೆರುವಾಗ ನೀನು ಇಲ್ಲಿ ಸೀಟಿ ಊದ್ತಾ ಕೂತಿದ್ದೀಯಾ? ಮಾನ ಮರ್ಯಾದೆ ಉಂಟಾ ನಿನಗೆ?"

ಬಿಡಿಸಿ ಹೇಳುವಷ್ಟರಲ್ಲಿ ಆ ಹಾಳು ಬಸ್ಸು, ಅಷ್ಟು ಹೊತ್ತು ಬಾರದ್ದು, ಬಂದೇಬಿಟ್ಟಿತು. ಅಜ್ಜಿ ಕಿಟಕಿಯಿಂದಲೂ ಬೈಯುತ್ತಲೇ ಹೋದರು. ಮೂರನೇ ದಿನ ಮತ್ತೆ ಬಂದರು, ಕೈಯಲ್ಲಿ ಒಂದು ಭರಣಿ ಬಾಣಂತಿ ಲೇಹ. ಕೂತು ಕಾಯಿಸಿದ್ದಂತೆ. "ಬೆಳಿಗ್ಗೆ ಒಂದು ಉಂಡೆ, ಸಂಜೆ ಒಂದು ಉಂಡೆ. ಆರಕ್ಕೂ ಹಾಲು ಬರ್ಬೇಕಲ್ಲ" ಎಂದರು. ಅವರ ಮುಖ ನೋಡಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಒಯ್ದೆ. ಬಿಸಾಡಬಾರದೆಂದು ಹೆಂಡತಿ ತಿಂದಳು.

ತಿಂಗಳು ಕಳೆದು ಅಜ್ಜಿ ಸಿಕ್ಕಿ, "ಹೇಗಿದ್ದಾಳೆ?" ಎಂದು ಕೇಳಿದರು.

"ಬೆನ್ನುನೋವು ಪೂರಾ ವಾಸಿ ಅಜ್ಜಿ. ಇನ್ನೊಂದು ಭರಣಿ ಸಿಗ್ತದಾ ಅಂತ ಕೇಳ್ತಾ ಇದ್ದಳು."

"ಬೇಕಾಗದೆ ಉಂಟಾ?" ಎಂದರು ಅಜ್ಜಿ. "ಆರಲ್ವಾ!"

ಆಟಿ

ನಲವತ್ತೈದು ದಿನ ತಾಯಿಯ ಜೊತೆ ಇರಲಿ ಎಂದರು ಪೊರ್ಬುಗಳು. ಆಯಿತು. ಒಂದು ಇಂಜೆಕ್ಷನ್ ಆಗಲಿ ಎಂದರು. ಅದೂ ಆಯಿತು. ಹೊಟ್ಟೆ ಸ್ವಲ್ಪ ಸರಿ ಇಲ್ಲ, ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಆ ನಾಲ್ಕು ದಿನದಲ್ಲಿ ಆಟಿ ಬಂದು ಕೂತಿತು. ಆಟಿ ಎಂದರೆ ನಮ್ಮ ತುಳುನಾಡಿನಲ್ಲಿ ಮಳೆಗಾಲದ ಒಂದು ತಿಂಗಳು. ಆಗ ಹೊಸದು ಯಾವುದನ್ನೂ ಶುರು ಮಾಡುವುದಿಲ್ಲ. ಪುತ್ತೂರಿನಿಂದ ಅತ್ತೆಯ ಫೋನ್ ಬಂತು.

"ಆಟಿಯಲ್ಲಿ ಮನೆಗೆ ಹೊಸ ಜೀವ ತರ್ತೀರಂತೆ?"

"ಅತ್ತೆ, ಅದು ನಾಯಿ. ನಾಯಿಗೆ ಎಂತ ಆಟಿ?"

"ನಾಯಿಗೆ ಇಲ್ಲದಿದ್ರೆ ಬೇಡ. ಮನೆಗೆ ಉಂಟಲ್ಲ?"

ಇನ್ನೊಂದು ತಿಂಗಳು ಇಟ್ಟುಕೊಳ್ಳಿ ಎಂದರೆ ಪೊರ್ಬುಗಳು ಸಿಟ್ಟಾಗುತ್ತಾರೆಂದು ಹೆದರಿ ಫೋನ್ ಮಾಡಿದೆ. ಅವರಿಗೆ ಖುಷಿಯೋ ಖುಷಿ. "ಇರಲಿ, ಇರಲಿ. ನಮ್ಮ ಬಾಯಮ್ಮನಿಗೆ ಅದನ್ನು ಬಿಟ್ಟು ಆಗುವುದಿಲ್ಲ" ಎಂದರು. ಬಾಯಮ್ಮ ಎಂದರೆ ಅವರ ಹೆಂಡತಿ. ಅಷ್ಟು ದಿನದ ಇಂಜೆಕ್ಷನ್, ಹೊಟ್ಟೆನೋವು ಎಲ್ಲ ಯಾರದೆಂದು ನನಗೆ ಆಗ ಅರ್ಥವಾಯಿತು.

ಮಗಳಿಗೆ ಮಾತ್ರ ಹೇಗೆ ಹೇಳುವುದು? "ಬರ್ತದೆ. ಹತ್ತಿರ ಬಂತು" ಎಂದು ಶುರುಮಾಡಿದೆ.

"ಅಪ್ಪಾ," ಎಂದಳು, "ನನಗೆ ಸಿದ್ದಕಟ್ಟೆ ಬಿಟ್ಟಿದೆ ಅಂತ ಹೇಳ್ಬೇಡಿ."

ಸಿಟ್ಟಿನಲ್ಲಿ ಹೇಳಿದ್ದಲ್ಲ, ಅದೇ ಕಷ್ಟವಾದದ್ದು. ಮರಿಗೆಂದು ತೊಳೆದಿಟ್ಟಿದ್ದ ಬಟ್ಟಲನ್ನು ಕಪಾಟಿನಲ್ಲಿಟ್ಟು ಟಿವಿ ಹಾಕಿಕೊಂಡಳು. ಅಂದಿನಿಂದ ಕೇಳುವುದನ್ನೇ ಬಿಟ್ಟಳು. ನಾಯಿಯ ಬಗ್ಗೆ ಮಾತ್ರವಲ್ಲ, ಎಷ್ಟೊತ್ತಿಗೆ ಬರ್ತೀರಿ, ಏನು ತರ್ತೀರಿ ಎಂದೂ ಕೇಳಲಿಲ್ಲ. ಕೂಗಾಡುವ ಪ್ರಯಾಣಿಕರನ್ನು ನಾನು ಎಷ್ಟೋ ಸಲ ಸುಧಾರಿಸಿದ್ದೇನೆ. ಏನೂ ಕೇಳದೆ ಸುಮ್ಮನೆ ಕೂತವರನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಸೋತುಹೋದೆ.

"ಅವಳಿಗೆ ನನ್ನ ಮೇಲೆ ನಂಬಿಕೆ ಹೋಯ್ತು" ಎಂದೆ ಹೆಂಡತಿಯಲ್ಲಿ.

"ಅವಳಿಗೆ ಈಗ ಹೋದದ್ದು" ಎಂದಳು ಹೆಂಡತಿ. "ಹೊರಟೆ ಅಂತ ನೀವು ಫೋನ್ ಮಾಡಿದ ಮೇಲಷ್ಟೇ ಅಕ್ಕಿ ತೊಳೆಯುವ ಅಭ್ಯಾಸ ನನಗೆ ಶುರುವಾಗಿ ಹತ್ತು ವರ್ಷವಾಯ್ತು."

ಬಸ್

ಆಟಿ ಕಳೆದ ಮೊದಲ ಆದಿತ್ಯವಾರ ಮಗಳಿಗೆ "ಹೊರಡು" ಎಂದೆ. ಎಲ್ಲಿಗೆಂದು ಹೇಳುವ ಧೈರ್ಯ ನನಗಿರಲಿಲ್ಲ, ಎಲ್ಲಿಗೆಂದು ಅವಳೂ ಕೇಳಲಿಲ್ಲ. ಪೊರ್ಬುಗಳ ಅಂಗಳದಲ್ಲಿ ಮೂರು ತಿಂಗಳ ಮರಿ ಓಡಿ ಬಂದು ಅವಳನ್ನು ಕೆಡವಿತು. ಬಾಯಮ್ಮ ಕಣ್ಣೊರೆಸಿಕೊಂಡು, "ತುಂಬಾ ಬುದ್ಧಿ ಉಂಟು ಇವನಿಗೆ. ಹೇಳಿದ್ದು ಕೇಳ್ತಾನೆ" ಎಂದರು.

ಮೂಡುಬಿದಿರೆಯ ನಿಲ್ದಾಣದಲ್ಲಿ ನಿಂತೆವು. ಕಂಡಕ್ಟರು ನನ್ನ ಗುರುತಿನವನಾದ್ದರಿಂದ ನಾಯಿಯನ್ನು ಹತ್ತಿಸಿಕೊಳ್ಳುತ್ತೇನೆ ಎಂದಿದ್ದ. ಮಗಳು ಮರಿಯ ಎದುರು ಬೆರಳೆತ್ತಿ "ಸಿಟ್" ಎಂದಳು. ನಮ್ಮಲ್ಲಿ ಮನೆಮಂದಿಯ ಜೊತೆ ತುಳು ಮಾತಾಡಿದರೂ ನಾಯಿಯ ಜೊತೆ ಎಲ್ಲರೂ ಇಂಗ್ಲಿಷೇ ಮಾತಾಡುವುದು. ಮರಿ ಕೂರಲಿಲ್ಲ. ತುಳುವಿನಲ್ಲಿ "ಕುಲ್ಲು" ಎಂದಳು. ಕನ್ನಡದಲ್ಲಿ "ಕೂತ್ಕೋ" ಎಂದಳು. ಅದು ನನ್ನ ಚಪ್ಪಲಿ ಕಚ್ಚುತ್ತ ನಿಂತಿತ್ತು. ಇಷ್ಟು ಕಾದು ಬಂದ ನಾಯಿಗೆ ತನ್ನ ಮಾತೇ ಬೇಡವೇ ಎಂದು ಹುಡುಗಿಯ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಯಾರೋ "ಬಸ್ ಬಂತು!" ಎಂದರು. ಮರಿ ತಟ್ಟನೆ ಕೂತಿತು.

ಎಳೆದು ಎಬ್ಬಿಸಿದೆ. "ಬೇಗ ಹತ್ತು, ಬಸ್ ಹೋಗ್ತದೆ" ಎಂದೆ ಮಗಳಿಗೆ. ಮರಿ ಮತ್ತೆ ಕೂತಿತು. ಕಂಡಕ್ಟರು, "ಬಸ್ ಹೊರಡ್ತದೆ, ಬೇಗ, ಬೇಗ!" ಎಂದು ಬಾಗಿಲು ಬಡಿದ. ಮರಿ ಬಾಲ ಸುತ್ತಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತು ಅವನ ಮುಖ ನೋಡಿತು. ಎತ್ತಿಕೊಳ್ಳಲು ನಾನು ಬಗ್ಗುವಷ್ಟರಲ್ಲಿ ಅಲ್ಲಿಯ ಟೈಮ್ ಕೀಪರ್ ಸೀಟಿ ಊದಿಬಿಟ್ಟ. ಒಂದು ನಿಮಿಷ ನಿಲ್ಲಿಸು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಬಸ್ಸು ಹೋಯಿತು.

ಸಿಟ್ಟಿನಲ್ಲಿ ಪೊರ್ಬುಗಳಿಗೆ ಫೋನ್ ಮಾಡಿದೆ. ಮಗಳಿಗೂ ಕೇಳುವಂತೆ ಸ್ಪೀಕರಿನಲ್ಲಿಟ್ಟೆ. ಅವರು ನಕ್ಕು ನಕ್ಕು ಕೆಮ್ಮಿದರು.

"ಅವನದ್ದು ಎಂತ ತಪ್ಪು ಮಾರಾಯ್ರೆ? ನಮ್ಮ ಕೊಂಕಣಿಯಲ್ಲಿ 'ಬಸ್' ಅಂದ್ರೆ ಕೂತ್ಕೋ ಅಂತ. ಬಾಯಮ್ಮ ಕಲಿಸಿದ್ದು."

ಮಗಳು ನನ್ನನ್ನು ನೋಡಿದಳು, ಮರಿಯನ್ನು ನೋಡಿದಳು. ಬಿಸ್ಕತ್ತು ತೋರಿಸಿ ಅದನ್ನು ಎಬ್ಬಿಸಿದಳು.

"ಅಪ್ಪಾ, ಬಸ್ ಯಾವಾಗ ಬರ್ತದೆ?"

ಮರಿ ಕೂತಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಮತ್ತೆ ಎಬ್ಬಿಸಿದಳು. "ಅಪ್ಪಾ, ಬಸ್ ಎಲ್ಲಿಗೆ ಮುಟ್ಟಿತು?" ಕೂತಿತು. "ಅಪ್ಪಾ, ಬಸ್ ಖಾಲಿ ಉಂಟಾ?" ಕೂತಿತು. ಒಂದು ತಿಂಗಳಿಂದ ನನ್ನಲ್ಲಿ ಒಂದು ಮಾತೂ ಕೇಳದ ಹುಡುಗಿ ಬಿದ್ದು ಬಿದ್ದು ನಗುತ್ತ ಕೇಳಿದ್ದನ್ನೇ ಕೇಳಿದಳು. ನಾನು ಪ್ರತಿ ಸಲವೂ "ನನಗೆ ಗೊತ್ತಿಲ್ಲ ಮಗಾ" ಎಂದು ನಿಜವನ್ನೇ ಹೇಳಿದೆ. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಹಿರಿಯರೊಬ್ಬರಿಗೆ ಕೊನೆಗೆ ತಡೆಯಲಾಗಲಿಲ್ಲ.

"ಎಂತ ಅಪ್ಪ ಮಾರಾಯ್ರೆ ನೀವು? ವಿಚಾರಿಸಿ ಒಂದು ಸರಿಯಾದ ಟೈಮ್ ಹೇಳಿ ಆ ಮಗುವಿಗೆ. ನಾಯಿಗೆ ಕೂತು ಕೂತು ಸಾಕಾಯ್ತು!"